‘ಹೆಂಗ್ ಸಂಭಾಳಸ್ತೀರಿ?’ ಅಂತ ಗಂಡಸರನ್ನೂ ಕೇಳೋಣ

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಮದುವೆ ಮಾತುಕತೆಯಲ್ಲಿ ಈಗ ಒಂದು ಹೊಸ ಮಾತು ಸೇರಿಕೊಂಡಿದೆ: “ಹುಡುಗಿ ನೌಕರಿ ಮಾಡಂಗಿದ್ರ ಇನ್ನೂ ಛಲೋ.” ನಮ್ಮ ಅವ್ವಂದಿರ ಮದುವೆ ಕಾಲಕ್ಕೆ ಹುಡುಗಿಗೆ ನೌಕರಿ ಇದ್ದರೆ ಅದನ್ನು ಬಿಡಿಸೋ ಮಾತು ಮೊದಲು ಬರುತ್ತಿತ್ತು. ಈಗ ಅದನ್ನೇ ಬಯೋಡೇಟಾದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಇದು ಬದಲಾವಣೆ ಅಲ್ಲವಾ? ಹೌದು, ಬದಲಾವಣೆನೇ. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: “ಆದ್ರ ಮನಿ ಕೆಲಸಾನೂ ಬರಬೇಕು, ಎರಡೂ ಸಂಭಾಳಿಸ್ಕೊಂಡು ಹೋಗಬೇಕು.” ಮೊದಲನೇ ಮಾತು ಹೊಸದು, ಎರಡನೇದು ಅಜ್ಜಿ ಕಾಲದ್ದು. ಹೊಸದು ಬಂತು ಅಂತ ಹಳೇದು ಹೋಗಿಲ್ಲ. ಎರಡನ್ನೂ ಒಬ್ಬಳ ತಲೆ ಮೇಲೆ ಇಟ್ಟಿದ್ದಾರೆ ಅಷ್ಟೇ.

ಈ ‘ಸಂಭಾಳಿಸೋದು’ ಅನ್ನೋ ಶಬ್ದದ ಬಗ್ಗೆಯೇ ನಾವಿಲ್ಲಿ ಮಾತಾಡಬೇಕು ಅಂತಿದ್ದೀವಿ. ಬ್ಯಾಂಕಿನ ಕೌಂಟರ್‌ನಲ್ಲಿ ಕೂತ ಅಕ್ಕನಿಗೆ, ಸರ್ಕಾರಿ ಶಾಲೆಯ ಟೀಚರ್‌ಗೆ, ತಾಲೂಕು ಆಸ್ಪತ್ರೆಯ ನರ್ಸ್‌ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಮನಿ, ನೌಕರಿ ಎರಡೂ ಹೆಂಗ್ ಸಂಭಾಳಸ್ತೀರಿ?” ಕೇಳೋರು ಮೆಚ್ಚುಗೆಯಿಂದಲೇ ಕೇಳುತ್ತಾರೆ. ಆದರೆ ಅದೇ ಬ್ಯಾಂಕಿನಲ್ಲಿ, ಅದೇ ಸಂಬಳಕ್ಕೆ, ಪಕ್ಕದ ಕುರ್ಚಿಯಲ್ಲಿ ಕೂತ ಅಣ್ಣನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಲ್ಲ. ಅವರಿಗೂ ಮನೆ ಇದೆ, ಮಕ್ಕಳಿದ್ದಾರೆ, ವಯಸ್ಸಾದ ಅಪ್ಪ ಅವ್ವ ಇದ್ದಾರೆ. ಆದರೂ ಕೇಳಲ್ಲ. ಯಾಕಂದ್ರೆ ಅವರ ಮನೆಯನ್ನು ಇನ್ಯಾರೋ ಸಂಭಾಳಿಸ್ತಿದ್ದಾರೆ ಅಂತ ಕೇಳೋರಿಗೂ ಗೊತ್ತು, ಅವರಿಗೂ ಗೊತ್ತು.

ಇಂಗ್ಲಿಷ್ ಮೀಡಿಯಂ ಸ್ಕೂಲುಗಳಲ್ಲಿ ನಾವೆಲ್ಲ ‘ವರ್ಕಿಂಗ್ ವುಮನ್’ ಅಂತ ಪ್ರಬಂಧ ಬರೆದವರು. ‘ವರ್ಕಿಂಗ್ ಮ್ಯಾನ್’ ಅಂತ ಯಾರೂ ಪ್ರಬಂಧ ಬರೆಸಲಿಲ್ಲ. ಕನ್ನಡದಲ್ಲೂ ಕತೆ ಹೀಗೇ ಇದೆ. ‘ಉದ್ಯೋಗಸ್ಥ ಮಹಿಳೆ’ ಅಂತಾರೆ, ‘ಉದ್ಯೋಗಸ್ಥ ಪುರುಷ’ ಅಂದ್ರೆ ಕಿವಿಗೆ ವಿಚಿತ್ರ ಅನ್ಸುತ್ತೆ. ಇನ್ನೊಂದು ಜೋಡಿ ನೋಡಿ: ಗೃಹಸ್ಥ, ಗೃಹಿಣಿ. ಎರಡೂ ‘ಗೃಹ’ದಿಂದಲೇ ಬಂದ ಶಬ್ದಗಳು. ಆದರೆ ‘ಗೃಹಸ್ಥರು’ ಅಂದ್ರೆ ಊರಲ್ಲಿ ಮರ್ಯಾದೆ ಇರೋ ಮನುಷ್ಯ. ‘ಗೃಹಿಣಿ’ ಅಂದ್ರೆ ಅಡುಗೆಮನೆಯಲ್ಲಿ ಇರೋಳು. ಒಂದೇ ಮನೆಯಿಂದ ಗಂಡಸಿಗೆ ಗೌರವ ಬಂತು, ಹೆಂಗಸಿಗೆ ಕೆಲಸ ಬಂತು.

ಹೆಂಗಸರು ಈಗ ದುಡಿಯಲು ಶುರು ಮಾಡಿದ್ದಾರೆ ಅನ್ನೋದೂ ನಮ್ಮ ಜಿಲ್ಲೆಯ ಮಟ್ಟಿಗೆ ಸುಳ್ಳು. ಬೀದರ್ ಜಿಲ್ಲೆಯ ತೊಗರಿ, ಉದ್ದು, ಹೆಸರು, ಸೋಯಾ ಹೊಲಗಳಲ್ಲಿ ಕಸ ತೆಗೆದವರು, ಬೀಜ ಹಾಕಿದವರು, ಕೊಯ್ದವರು ಯಾರು? ನಮ್ಮ ಅಜ್ಜಿಯರು, ಅವರ ಅವ್ವಂದಿರು. ಅವರನ್ನು ‘ವರ್ಕಿಂಗ್ ವುಮನ್’ ಅಂತ ಯಾರೂ ಕರೆಯಲಿಲ್ಲ. ಹಾಗಾದ್ರೆ ಬದಲಾಗಿದ್ದು ಏನು? ಕೆಲಸದ ಜಾಗ ಮತ್ತು ಗಡಿಯಾರ. ಕೂಸನ್ನು ಹೊಲಕ್ಕೆ ಕರ್ಕೊಂಡು ಹೋಗಿ ಗಿಡದ ನೆರಳಲ್ಲಿ ಜೋಳಿಗೆ ಕಟ್ಟಿ ಮಲಗಿಸಬಹುದಿತ್ತು. ಬ್ಯಾಂಕಿನ ಕೌಂಟರ್ ಕೆಳಗೆ ಮಲಗಿಸೋಕಾಗಲ್ಲ. ಹೊಲದ ಕೆಲಸಕ್ಕೆ ಬಯೋಮೆಟ್ರಿಕ್ ಇರಲಿಲ್ಲ. ಮನೆಯಲ್ಲಿ ಅತ್ತಿ, ನೆಗೆಣ್ಣಿ, ನಾದಿನಿ ಅಂತ ನಾಲ್ಕು ಜನ ಹೆಂಗಸರು ಇರುತ್ತಿದ್ದರು, ಕೆಲಸ ನಾಲ್ಕು ಪಾಲಾಗುತ್ತಿತ್ತು. ಈಗ ಹುಮನಾಬಾದಿನ ಬಾಡಿಗೆ ಮನೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ನಾಲ್ಕು ಪಾಲು ಒಂದೇ ಪಾಲಾಗಿದೆ. ಅದರ ಮೇಲೆ ಹತ್ತರಿಂದ ಐದರ ನೌಕರಿ, ಮಕ್ಕಳ ಹೋಂವರ್ಕ್, ಸ್ಕೂಲಿನ ವಾಟ್ಸಾಪ್ ಗ್ರೂಪು. ಹಿಂದಿನವರು ಸುಖವಾಗಿದ್ದರು ಅಂತ ನಾವು ಹೇಳ್ತಿಲ್ಲ, ಅವರದು ಅವರ ಕಷ್ಟ. ಹೇಳೋದಿಷ್ಟು: ಹೆಂಗಸಿನ ಹೊರಗಿನ ಕೆಲಸದ ರೀತಿ ಪೂರ್ತಿ ಬದಲಾಯ್ತು, ಮನೆಯೊಳಗಿನ ಕೆಲಸದ ಹಂಚಿಕೆ ಮಾತ್ರ ಬದಲಾಗಲಿಲ್ಲ.

ನಾವು ಎಂಜಿನಿಯರಿಂಗ್ ಓದೋರು, ಬರೀ ಮಾತಿಗಿಂತ ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶಾದ್ಯಂತ ‘ಸಮಯ ಬಳಕೆ ಸಮೀಕ್ಷೆ’ ಮಾಡಿತು. ಆರು ವರ್ಷ ಮೇಲ್ಪಟ್ಟ ಜನ ದಿನದ 24 ಗಂಟೆಯನ್ನು ಯಾವುದಕ್ಕೆ ಕಳೆಯುತ್ತಾರೆ ಅನ್ನೋ ಲೆಕ್ಕ ಅದು. ಸಂಬಳ ಇಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮೂರು ಪಟ್ಟು ಅಂತರ ಅಂತ ಅನ್ನಿಸುತ್ತೆ ಅಲ್ವಾ? ಇಲ್ಲೊಂದು ಸೂಕ್ಷ್ಮ ಇದೆ. ಇದು ಕೆಲಸ ‘ಮಾಡುವವರ’ ಸರಾಸರಿ. ಹೆಂಗಸರಲ್ಲಿ ಮನೆಗೆಲಸ ಮಾಡುವವರು ಶೇ. 81.2, ಗಂಡಸರಲ್ಲಿ ಶೇ. 26.1 ಮಾತ್ರ. ಈಗ ಗುಣಾಕಾರ ಮಾಡಿ. 299ನ್ನು 0.812ರಿಂದ ಗುಣಿಸಿದರೆ ಸುಮಾರು 243. 97ನ್ನು 0.261ರಿಂದ ಗುಣಿಸಿದರೆ ಸುಮಾರು 25. ಅಂದ್ರೆ ಮಾಡುವವರು, ಮಾಡದವರು ಎಲ್ಲರನ್ನೂ ಸೇರಿಸಿ ನೋಡಿದರೆ ಒಬ್ಬ ಹೆಂಗಸಿಗೆ ದಿನಕ್ಕೆ ನಾಲ್ಕು ಗಂಟೆ, ಒಬ್ಬ ಗಂಡಸಿಗೆ 25 ನಿಮಿಷ. ಹತ್ತಿರ ಹತ್ತಿರ ಹತ್ತು ಪಟ್ಟು.

2024ರಲ್ಲಿ ಇದೇ ಸಮೀಕ್ಷೆ ಮತ್ತೆ ನಡೆಯಿತು. 299 ಇದ್ದದ್ದು 289 ಆಯ್ತು. ಐದು ವರ್ಷಕ್ಕೆ ಹತ್ತು ನಿಮಿಷ. ಈ ಐದು ವರ್ಷದಲ್ಲಿ ನಮ್ಮ ಕೈಗೆ 5ಜಿ ಬಂತು, ಯುಪಿಐ ಪಾನ್ ಡಬ್ಬಿಯವರೆಗೂ ಹರಡಿತು, ಎಐ ಬಂತು. ಅಡುಗೆಮನೆಯಲ್ಲಿ ಉಳಿದದ್ದು ಹತ್ತು ನಿಮಿಷ. ಈ ವೇಗದಲ್ಲಿ ಸಮಾನತೆ ಬರೋದಕ್ಕೆ ಎಷ್ಟು ವರ್ಷ ಬೇಕು ಅನ್ನೋ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಇಷ್ಟೆಲ್ಲ ಗಂಟೆ ದುಡಿದರೂ ಮನೆಯಲ್ಲೇ ಇರುವ ಹೆಂಗಸನ್ನು ಜನಗಣತಿ ‘ಕೆಲಸಗಾರಳಲ್ಲ’ ಅಂತ ಬರ್ಕೊಳ್ಳುತ್ತೆ. ಮನೆಗೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡು ತಿಂಗಳಿಗೆ ಸಂಬಳ ಕೊಟ್ಟರೆ ಅದು ದೇಶದ ಜಿಡಿಪಿಗೆ ಸೇರುತ್ತೆ. ಅದೇ ಪಾತ್ರೆಯನ್ನು ಅವ್ವ ತೊಳೆದರೆ ಸೇರಲ್ಲ. ಕೋರ್ಟಿಗೆ ಮಾತ್ರ ಈ ಲೆಕ್ಕ ಕಣ್ಣಿಗೆ ಬಿದ್ದಿದೆ. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಹೋದ ಒಂದು ಪ್ರಕರಣದಲ್ಲಿ, ಗೃಹಿಣಿಯಾಗಿದ್ದ ಹೆಂಡತಿಯ ಆದಾಯವನ್ನು ಹೇಗೆ ಲೆಕ್ಕ ಹಾಕೋದು ಅನ್ನೋ ಪ್ರಶ್ನೆ ಬಂದಾಗ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಆ ತೀರ್ಪಿನಲ್ಲಿ ಇದೇ 299 ಮತ್ತು 97 ನಿಮಿಷದ ಅಂಕಿಗಳನ್ನು ಎತ್ತಿ, ಮನೆಗೆಲಸಕ್ಕೆ ಬೆಲೆ ಇಲ್ಲ ಅನ್ನೋ ಕಲ್ಪನೆಯೇ ತಪ್ಪು ಅನ್ನೋ ಅರ್ಥದಲ್ಲಿ ಬರೆದರು. ಬೇಜಾರಿನ ಸಂಗತಿ ಏನಂದ್ರೆ, ಹೆಂಗಸಿನ ಮನೆಗೆಲಸಕ್ಕೆ ರೂಪಾಯಿ ಲೆಕ್ಕ ಹಾಕೋದು ಅವಳು ಸತ್ತ ಮೇಲೆ, ಅದೂ ಪರಿಹಾರ ಕೊಡುವಾಗ.

ಇಷ್ಟಾದ ಮೇಲೆ ನಮ್ಮ ಊರಿನ ಹೆಸರು ಎತ್ತದೆ ಇರೋಕಾಗಲ್ಲ. ಬಸವಕಲ್ಯಾಣದವರು ಅಂದ ಕೂಡಲೇ ಕ್ಯಾಂಪಸ್‌ನಲ್ಲಿ “ಓ, ಅನುಭವ ಮಂಟಪ!” ಅಂತಾರೆ. 108 ಅಡಿ ಬಸವಣ್ಣನ ಮೂರ್ತಿ ಮುಂದೆ ಸೆಲ್ಫಿ ತೆಗೆದುಕೊಂಡವರು ನಮ್ಮ ಕಾಲೇಜಿನಲ್ಲೂ ಬೇಕಾದಷ್ಟು ಜನ ಇದ್ದಾರೆ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲೂ ಬಿತ್ತು. ಆದರೆ 12ನೇ ಶತಮಾನದ ಆ ಕಲ್ಯಾಣದಲ್ಲಿ ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು ಜನ ಇದ್ದರು ಅನ್ನೋದರ ಕಡೆ ನಮ್ಮ ಗಮನ ಹೋಗೋದು ಕಡಿಮೆ. ಅಕ್ಕಮಹಾದೇವಿ ಹೆಸರು ಎಲ್ಲರಿಗೂ ಗೊತ್ತು. ಆಕೆ ಮನೆ, ಗಂಡ ಎರಡನ್ನೂ ಬಿಟ್ಟು ಹೊರಟವಳು. ತನ್ನದೇ ಕಾಯಕ ಮಾಡಿಕೊಂಡು ಬರೆದವರ ಹೆಸರು ಕೇಳಿ: ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ.

ಈ ಹೆಸರುಗಳನ್ನು ಸ್ವಲ್ಪ ನಿಧಾನಕ್ಕೆ ಓದಿ. ಕೊಟ್ಟಣ ಅಂದ್ರೆ ಭತ್ತ ಕುಟ್ಟೋದು. ಕದಿರು ಅಂದ್ರೆ ನೂಲು ತೆಗೆಯುವ ಕದಿರು. ಸತ್ಯಕ್ಕ ಅಂಗಳ ಗುಡಿಸೋ ಕಾಯಕದವಳು ಅಂತ ಹೇಳುತ್ತಾರೆ. ಕುಟ್ಟೋದು, ನೂಲೋದು, ಗುಡಿಸೋದು. ಇವತ್ತು ನಾವು “ಮನೆಯಲ್ಲಿ ಸುಮ್ಮನೆ ಇದ್ದಾಳೆ” ಅಂತ ಯಾವ ಕೆಲಸ ಮಾಡುವವಳಿಗೆ ಹೇಳ್ತೀವೋ, ಅದೇ ಕೆಲಸಗಳು ಇವು. ಆ ಕಲ್ಯಾಣದಲ್ಲಿ ಆ ಕೆಲಸವೇ ಅವರ ಹೆಸರಿನ ಮುಂದೆ ಬಂದು ಕೂತಿದೆ, ಇವತ್ತು ‘ಡಾಕ್ಟರ್’, ‘ಎಂಜಿನಿಯರ್’ ಅಂತ ಹಾಕಿಕೊಳ್ಳೋ ಹಾಗೆ.

ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಹೇಳ್ತಾರೆ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಈ ಕತೆಯನ್ನು ‘ಆಸೆ ಪಡಬಾರದು’ ಅನ್ನೋ ನೀತಿಗೆ ನಮಗೆ ಹೇಳಿಕೊಟ್ಟಿದ್ದಾರೆ. ಅದು ಸರಿ. ಆದರೆ ಇನ್ನೊಂದು ವಿಷಯವೂ ಅದರಲ್ಲಿದೆ. ಆ ಮನೆಗೆ ಎಷ್ಟು ಬೇಕು, ಏನು ಬೇಕು ಅನ್ನೋ ತೀರ್ಮಾನ ಲಕ್ಕಮ್ಮನದು. ಗಂಡನ ಕಾಯಕದಲ್ಲಿ ತಪ್ಪು ಹುಡುಕಿ ಹೇಳೋ ಅಧಿಕಾರವೂ ಅವಳಿಗಿತ್ತು. ಮಾರಯ್ಯ ಆ ಅಕ್ಕಿ ಹೊತ್ಕೊಂಡು ವಾಪಸ್ ಹೋದ. ಬರೀ ದುಡಿಮೆಯಲ್ಲದೆ ತೀರ್ಮಾನದಲ್ಲೂ ಪಾಲು ಇತ್ತು. ಅಂಥ ಊರಿನ ಹೆಸರು ಇಟ್ಟುಕೊಂಡು 2019ರಲ್ಲಿ ಇಡೀ ಹೈದರಾಬಾದ್ ಕರ್ನಾಟಕವನ್ನು ‘ಕಲ್ಯಾಣ ಕರ್ನಾಟಕ’ ಮಾಡಿದೆವು. ಹೆಸರು ಮಾತ್ರ ತಗೊಂಡರೆ ಸಾಲದು ಅನ್ನೋದು ನಮ್ಮ ವಾದ.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅಂತ ಹೇಳೋದು ಅನ್ಯಾಯವಾಗುತ್ತೆ. 371ಜೆ ಬಂದ ಮೇಲೆ ಈ ಭಾಗದ ಹುಡುಗಿಯರಿಗೆ ಸೀಟು, ನೌಕರಿ ಎರಡೂ ಹತ್ತಿರವಾದವು. ನಮ್ಮಲ್ಲಿ ಎಷ್ಟೋ ಜನ ಎಚ್‌ಕೆ ಸರ್ಟಿಫಿಕೇಟ್ ತೋರಿಸಿಯೇ ಕೌನ್ಸೆಲಿಂಗ್ ದಾಟಿ ಬಂದವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರ್. ಆ ದಾರಿಯಲ್ಲಿ ದಿನಾ ಬಸ್ಸು ಹತ್ತಿ ನೌಕರಿಗೆ, ಕಾಲೇಜಿಗೆ, ಅಂಗಡಿ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳ ಬಸ್ ಚಾರ್ಜ್ ಉಳಿಯುತ್ತೆ. ಸಣ್ಣ ಸಂಬಳದವರಿಗೆ ಅದು ಸಣ್ಣ ಮಾತಲ್ಲ. ಅದೇ ವರ್ಷ ಗೃಹಲಕ್ಷ್ಮಿಯ 2,000 ರೂಪಾಯಿ ಬಂತು, ಅರ್ಜಿಯಲ್ಲಿ ‘ಮನೆಯ ಯಜಮಾನಿ’ ಅನ್ನೋ ಶಬ್ದ ಬಂತು. ಅದಕ್ಕೂ ಎಷ್ಟೋ ಮೊದಲೇ ಸ್ತ್ರೀಶಕ್ತಿ ಸಂಘಗಳು ಹಳ್ಳಿ ಹೆಂಗಸರ ಕೈಯಲ್ಲಿ ಪಾಸ್‌ಬುಕ್ ಇಟ್ಟಿದ್ದವು.

ಆದರೆ ಸರ್ಕಾರ ಬಸ್ಸಿನ ಟಿಕೆಟ್ ಫ್ರೀ ಮಾಡಬಹುದು, ಬೆಳಗಿನ ಎಂಟು ಗಂಟೆ ಬಸ್ಸು ಹತ್ತೋಕೆ ಮುಂಚಿನ ಮೂರು ಗಂಟೆ ಕೆಲಸವನ್ನು ಹಂಚಿಕೊಡೋಕಾಗಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯೋದು, ಪಲ್ಯ ಮಾಡೋದು, ಮೂರು ಡಬ್ಬಿ ಕಟ್ಟೋದು, ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸೋದು. ನಡುವೆ ನಳಕ್ಕೆ ನೀರು ಬಂದ್ರೆ ಮುಗೀತು. ನೀರು ಬರೋ ಹೊತ್ತಿಗೆ ಯಾರಾದ್ರೂ ಮನೆಯಲ್ಲಿ ಇರಲೇಬೇಕು. ಆ ‘ಯಾರಾದ್ರೂ’ ಯಾವಾಗಲೂ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಕೆಲಸ ಊರಿನ ಕೆಲಸವಾದಾಗಲೂ ಕತೆ ಬದಲಾಗಲ್ಲ. ಅಂಗನವಾಡಿ ನಡೆಸೋರು, ಬಿಸಿಯೂಟ ಮಾಡೋರು, ಆಶಾ ಕಾರ್ಯಕರ್ತೆಯರು, ಬಹುತೇಕ ಎಲ್ಲರೂ ಹೆಂಗಸರು. ಮಕ್ಕಳಿಗೆ ಉಣಿಸೋದು, ಬಾಣಂತಿಯರನ್ನು ನೋಡಿಕೊಳ್ಳೋದು, ಅಡುಗೆ ಮಾಡೋದು. ಅವರಿಗೆ ಸಿಗೋದಕ್ಕೆ ‘ಸಂಬಳ’ ಅನ್ನಲ್ಲ, ‘ಗೌರವಧನ’ ಅಂತಾರೆ. ಬಿಸಿಯೂಟಕ್ಕೆ ರಾಜ್ಯದಲ್ಲಿ ‘ಅಕ್ಷರ ದಾಸೋಹ’ ಅಂತ ಹೆಸರು; ದಾಸೋಹ ಅನ್ನೋದು ಕಲ್ಯಾಣದ ಶರಣರ ಶಬ್ದ. ಹೆಸರು ಎಷ್ಟು ಚೆಂದ ಇದ್ದರೂ ಅಡುಗೆಯವಳ ಕೈಗೆ ಬರೋದು ಕಡಿಮೆಯೇ. 2022ರ ಏಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಯಿಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರಲ್ಲಿ. ಇದೂ ಒಂದು ಉದ್ಯೋಗ ಅಂತ ಒಪ್ಪೋದಕ್ಕೆ ಸುಮಾರು 47 ವರ್ಷ ಹಿಡಿಯಿತು.

ಈಗ ಎದುರು ವಾದಗಳಿಗೆ ಬರೋಣ. ಈ ವಿಷಯ ಎತ್ತಿದಾಗೆಲ್ಲ ಹಾಸ್ಟೆಲ್ ರೂಮಿನಲ್ಲಿ ಬರೋ ಮಾತುಗಳೇ ಇವು.

ಒಂದು: “ಗಂಡಸರೇನು ಆರಾಮಾಗಿದ್ದಾರಾ?” ಇಲ್ಲ, ಆರಾಮಾಗಿಲ್ಲ. ಬಸವಕಲ್ಯಾಣದಲ್ಲಿ ಲಾರಿ ಬಾಡಿ ಕಟ್ಟುವ ಗ್ಯಾರೇಜುಗಳಲ್ಲಿ ಬಿಸಿಲಲ್ಲಿ ವೆಲ್ಡಿಂಗ್ ಮಾಡೋರು, ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮಾಡೋರು, ಹೈದರಾಬಾದ್–ಸೋಲಾಪುರ ಹೈವೇಯಲ್ಲಿ ರಾತ್ರಿ ಗಾಡಿ ಓಡಿಸೋರು, ಇವರ ದುಡಿಮೆಯನ್ನು ಯಾರೂ ಕಡಿಮೆ ಅಂತ ಹೇಳಬಾರದು. ವ್ಯತ್ಯಾಸ ಒಂದೇ. ಅವರ ಶಿಫ್ಟ್ ಮುಗಿಯುತ್ತೆ. ಮನೆಗೆ ಬಂದರೆ ನೀರು, ಚಹಾ, ಊಟ ಸಿಗುತ್ತೆ. ಅದೇ ಹೊತ್ತಿಗೆ ನೌಕರಿಯಿಂದ ಬಂದ ಹೆಂಗಸಿಗೆ ಎರಡನೇ ಶಿಫ್ಟ್ ಶುರುವಾಗುತ್ತೆ. ಆ ನೀರು, ಚಹಾ, ಊಟ ಎಲ್ಲಾ ಅವಳ ಆ ಶಿಫ್ಟಿನಿಂದಲೇ ಬಂದದ್ದು.

ಎರಡು: “ಅಡುಗೆ ಗಂಡಸರ ಕೈಗೆ ಹತ್ತಲ್ಲ.” ಹಾಗಾದ್ರೆ ಹೈವೇ ಢಾಬಾದಲ್ಲಿ ತವೆ ಮುಂದೆ ನಿಂತವರು ಯಾರು? ನಮ್ಮ ಮದುವೆಗಳಲ್ಲಿ ಐನೂರು ಜನಕ್ಕೆ ಹುಗ್ಗಿ ಮಾಡೋರು ಯಾರು? ಮೆಸ್ಸಿನಲ್ಲಿ ನಮಗೆ ಮೂರು ಹೊತ್ತು ಬಡಿಸೋರು ಯಾರು? ಎಲ್ಲಾ ಗಂಡಸರೇ. ಬಟ್ಟೆ ಒಗೆಯೋ, ಇಸ್ತ್ರಿ ಮಾಡೋ ಅಂಗಡಿಯಲ್ಲೂ ಗಂಡಸರೇ. ಅಂದ್ರೆ ಕೈಗೆ ಹತ್ತೋದು ಬಿಡೋದು ಪ್ರಶ್ನೆ ಅಲ್ಲ. ಸಂಬಳ ಇದ್ದರೆ ಅದೇ ಕೆಲಸ ಗಂಡಸಿನ ಉದ್ಯೋಗ, ಸಂಬಳ ಇಲ್ಲದಿದ್ದರೆ ಅದು ಹೆಂಗಸಿನ ಧರ್ಮ.

ಮೂರು: “ಅವ್ವನೇ ನಮ್ಮನ್ನು ಅಡುಗೆಮನೆಗೆ ಬಿಡಲ್ಲ.” ಇದು ಖರೇ. “ಗಂಡ್ಸ ಮಗ ಒಲಿ ಮುಂದ ನಿಂತ್ರ ಮಂದಿ ಏನಂತಾರ” ಅನ್ನೋ ಅವ್ವಂದಿರು, ಅತ್ತಿಯಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಅವರನ್ನು ಬೈಯೋದು ಸುಲಭ. ಆದರೆ ಮೂವತ್ತು ವರ್ಷ ಆ ಮನೆಯಲ್ಲಿ ಅವರಿಗೆ ತಮ್ಮದು ಅಂತ ಇದ್ದ ಜಾಗ ಅದೊಂದೇ. ಹೊಲ ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ, ಅಡುಗೆಮನೆ ಮಾತ್ರ ಅವರ ಹೆಸರಲ್ಲಿ. ಅದನ್ನೂ ಬಿಟ್ಟುಕೊಡಿ ಅಂದ್ರೆ ಯಾರಿಗಾದ್ರೂ ಅಂಜಿಕೆ ಆಗೇ ಆಗುತ್ತೆ. ಅದಕ್ಕೆ ಅವರ ಜೊತೆ ಜಗಳ ಮಾಡೋದಕ್ಕಿಂತ ಅವರು ಕೂತಿರುವಾಗ ಎದ್ದು ತಟ್ಟೆ ತೊಳೆದಿಡೋದು ಒಳ್ಳೇದು. ಒಂದು ವಾರ ಬೈತಾರೆ, ಎರಡನೇ ವಾರ “ತಳಾ ಛಂದಂಗ ತಿಕ್ಕು” ಅಂತಾರೆ.

ನಾಲ್ಕು: “ಕೆಲಸದಾಕೀನ ಇಟ್ಟುಕೊಂಡ್ರ ಆತು.” ಇಟ್ಟುಕೊಳ್ಳಬಹುದು, ಸರಿಯಾದ ಸಂಬಳ ಕೊಟ್ಟು. ಆದರೆ ಆ ಕೆಲಸದಾಕಿಗೂ ಒಂದು ಮನೆ ಇದೆ. ನಾಲ್ಕು ಮನೆಯ ಪಾತ್ರೆ ತಿಕ್ಕಿ ಅವಳು ತನ್ನ ಮನೆಗೆ ಹೋಗಿ ಐದನೇ ಮನೆಯ ಪಾತ್ರೆ ತಿಕ್ಕುತ್ತಾಳೆ. ಭಾರ ಒಬ್ಬ ಹೆಂಗಸಿನಿಂದ ಇನ್ನೊಬ್ಬ ಹೆಂಗಸಿಗೆ ಹೋಯಿತೇ ಹೊರತು ಗಂಡಸಿನ ಕಡೆ ಒಂದು ಕಿಲೋನೂ ಸರಿಯಲಿಲ್ಲ.

ಇದೆಲ್ಲ ನಮಗೆ ಯಾಕೆ ಬೇಕು, ನಮಗಿನ್ನೂ ಹತ್ತೊಂಬತ್ತು ಅಂತ ಅನ್ನಿಸಬಹುದು. ಬೇಕು. ಯಾಕಂದ್ರೆ ಈ ಲೆಕ್ಕ ನಮ್ಮ ಕ್ಲಾಸ್‌ರೂಮಿನಲ್ಲಿ ಈಗಲೇ ಶುರುವಾಗಿದೆ. ನಮ್ಮ ಜೊತೆ ಓದೋ ಹುಡುಗಿಯರಿಗೆ ಮನೆಯಿಂದ ಬರೋ ಸಲಹೆ ಕೇಳಿ ನೋಡಿ. “ಬಿಇ ಮುಗಿಸಿ ಬ್ಯಾಂಕ್ ಎಕ್ಸಾಮ್ ಬರಿ, ಊರ ಹತ್ರ ಪೋಸ್ಟಿಂಗ್ ಸಿಗ್ತದ.” “ಸೈಟ್ ಕೆಲಸ ಬ್ಯಾಡ, ಮದುವಿ ಆದಮ್ಯಾಲ ತ್ರಾಸ ಆಗ್ತದ.” ಬ್ಯಾಂಕ್ ಕೆಲಸ ಕಡಿಮೆ ಅಂತ ಅಲ್ಲ. ಆದರೆ ಅವಳು ಸಿವಿಲ್ ತಗೊಂಡಾಗಲೂ, ಮೆಕ್ಯಾನಿಕಲ್ ತಗೊಂಡಾಗಲೂ ಲೆಕ್ಕದಲ್ಲಿ ಇನ್ನೂ ನೋಡದ ಒಂದು ಮನೆ, ಇನ್ನೂ ಸಿಗದ ಒಬ್ಬ ಗಂಡ, ಇನ್ನೂ ಹುಟ್ಟದ ಎರಡು ಮಕ್ಕಳು ಇರುತ್ತಾರೆ. ಹುಡುಗನ ಲೆಕ್ಕದಲ್ಲಿ ಕಟ್‌ಆಫ್ ಮತ್ತು ಪ್ಯಾಕೇಜ್ ಮಾತ್ರ ಇರುತ್ತೆ. “ಸಂಜೆ ಆರಕ್ಕೆ ಮನೆಗೆ ಮುಟ್ಟುವಂಥ ಕೆಲಸ ನೋಡ್ಕೋ” ಅಂತ ಯಾವ ಹುಡುಗನಿಗೂ ಯಾರೂ ಹೇಳಿದ್ದು ನಾವು ಕೇಳಿಲ್ಲ. ಒಂದೇ ಲ್ಯಾಬಿನಲ್ಲಿ, ಒಂದೇ ಸಿಜಿಪಿಎ ಇಟ್ಟುಕೊಂಡು ಕೂತ ಇಬ್ಬರಲ್ಲಿ ಒಬ್ಬರ ದಾರಿ ಹೀಗೆ ಮೊದಲೇ ಸಣ್ಣದಾಗಿರುತ್ತೆ.

ಹುಡುಗರಿಗೂ ಇದು ದೂರದ ಮಾತಲ್ಲ. ನಮ್ಮ ಕಡೆಯವರು ಕೆಲಸಕ್ಕೆ ಹೋಗೋದು ಹೈದರಾಬಾದ್, ಪುಣೆ, ಬೆಂಗಳೂರು. ಅಲ್ಲಿನ ಬಾಡಿಗೆ, ಇಎಂಐ ಒಬ್ಬರ ಸಂಬಳದಲ್ಲಿ ಆಗಲ್ಲ ಅಂತ ಸೀನಿಯರ್‌ಗಳೇ ಹೇಳ್ತಾರೆ. ಎರಡು ಸಂಬಳ ಬೇಕು, ಒಬ್ಬಳದೇ ಅಡುಗೆ ಬೇಕು ಅಂದ್ರೆ ಆ ಮನೆ ಎಷ್ಟು ದಿನ ನಿಲ್ಲುತ್ತೆ? ಎರಡು ಕಂಬದ ಮೇಲೆ ಬರಬೇಕಾದ ಲೋಡನ್ನು ಒಂದೇ ಕಂಬಕ್ಕೆ ಕೊಟ್ಟು “ನೋಡಿ, ಎಷ್ಟು ಗಟ್ಟಿ ಕಂಬ” ಅಂತ ಹೊಗಳಿದರೆ ಸ್ಟ್ರಕ್ಚರ್ಸ್ ಪೇಪರಿನಲ್ಲಿ ಸೊನ್ನೆ ಬರುತ್ತೆ. ಮನೆಯಲ್ಲಿ ಅದನ್ನೇ ‘ತ್ಯಾಗ’ ಅಂತ ಕರೆದು ಹಾರ ಹಾಕುತ್ತೇವೆ.

ಹಾಗಾದ್ರೆ ಏನು ಮಾಡಬಹುದು? ದೊಡ್ಡ ಕ್ರಾಂತಿ ಬೇಕಿಲ್ಲ, ಕೆಲವು ಕೆಲಸ ನಮ್ಮ ಕೈಯಲ್ಲೇ ಇವೆ.

ಮೊದಲನೇದು, ‘ಹೆಲ್ಪ್’ ಅನ್ನೋ ಶಬ್ದ ಬಿಡೋಣ. “ನಮ್ಮ ಮನೆಯವರು ಭಾಳ ಹೆಲ್ಪ್ ಮಾಡ್ತಾರೆ” ಅಂದ್ರೆ ಕೆಲಸ ಅವಳದು, ಇವರು ಬಂದು ಕೈ ಹಚ್ಚಿದರು ಅಂತ ಅರ್ಥ. ಅದರ ಬದಲು ಒಂದು ಪೂರ್ತಿ ಕೆಲಸ ತಗೊಳ್ಳೋಣ. ಕಿರಾಣಿ ಅಂದ್ರೆ ಚೀಟಿ ಬರೆಸಿಕೊಂಡು ಅಂಗಡಿಗೆ ಹೋಗೋದಷ್ಟೇ ಅಲ್ಲ. ಯಾವುದು ಖಾಲಿಯಾಗಿದೆ ಅಂತ ಡಬ್ಬಿ ನೋಡೋದು, ನೆನಪಿಟ್ಟುಕೊಳ್ಳೋದು, ತರೋದು, ತುಂಬಿಡೋದು, ಎಲ್ಲವೂ. ನೆನಪಿಟ್ಟುಕೊಳ್ಳೋದೇ ಅರ್ಧ ಕೆಲಸ. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಮಗುವಿಗೆ ಲಸಿಕೆ ಯಾವ ತಾರೀಖು, ಮಾವನ ಬಿಪಿ ಗುಳಿಗೆ ಎಷ್ಟು ಉಳಿದಿದೆ ಅನ್ನೋದೆಲ್ಲ ಬ್ಯಾಂಕಿನಲ್ಲಿ ನೋಟು ಎಣಿಸುವಾಗಲೂ ಅವಳ ತಲೆಯಲ್ಲಿ ಓಡ್ತಾ ಇರುತ್ತೆ.

ಎರಡನೇದು, ಪ್ಲೇಸ್‌ಮೆಂಟಿಗೆ ಬರೋ ಕಂಪನಿಗಳನ್ನು ಪ್ರಶ್ನೆ ಕೇಳೋಣ. ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿಯೇ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹೇಳಿತು. ಪ್ರೀ-ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ಕ್ಯಾಂಟೀನ್ ಬಗ್ಗೆ, ಕ್ಯಾಬ್ ಬಗ್ಗೆ ಕೇಳ್ತೀವಲ್ಲ, ಕ್ರೆಷ್ ಇದೆಯಾ ಅಂತಲೂ ಕೇಳೋಣ. ಹುಡುಗಿ ಕೇಳಿದರೆ “ಇವಳು ಬೇಗ ಮದುವೆ ಆಗ್ತಾಳೆ” ಅಂತ ಬರ್ಕೊಳ್ಳಬಹುದು. ಅದಕ್ಕೇ ಈ ಪ್ರಶ್ನೆಯನ್ನು ಹುಡುಗರು ಕೇಳಬೇಕು. ಅಪ್ಪಂದಿರ ರಜೆ ಎಷ್ಟು ದಿನ ಅಂತಲೂ ಕೇಳಬೇಕು. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯಲ್ಲಿ ಅದು ಕಂಪನಿಯ ಮರ್ಜಿ. ಅವ್ವನಿಗೆ ಆರು ತಿಂಗಳು, ಅಪ್ಪನಿಗೆ ಎರಡು ವಾರ ಅಂತ ಇದ್ದರೆ ಕೂಸು ಯಾರ ಜವಾಬ್ದಾರಿ ಅಂತ ಮೊದಲ ದಿನವೇ ತೀರ್ಮಾನ ಆದ ಹಾಗೆ.

ಮೂರನೇದು ಎಲ್ಲಕ್ಕಿಂತ ಹತ್ತಿರದ್ದು. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಊರಿಗೆ ಹೋಗ್ತೀವಿ. ಬೀದರ್ ಕಡೆ ಅದು ದೊಡ್ಡ ಹಬ್ಬ. ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಂಡು, ಅಂಬಲಿ ಕುಡಿಯೋ ಆ ಮಜಾ ಬೇರೆ ಊರಿನ ಗೆಳೆಯರಿಗೆ ಹೇಳಿ ತಿಳಿಸೋಕಾಗಲ್ಲ. ಆ ಭಜ್ಜಿಗೆ ಹಿಂದಿನ ದಿನವೇ ಕಾಯಿಪಲ್ಯ, ಕಾಳು ಸೋಸಿಡಬೇಕು, ರೊಟ್ಟಿ ಬಡಿದಿಡಬೇಕು, ನಸುಕಿನಲ್ಲಿ ಎದ್ದು ಒಲೆ ಹಚ್ಚಬೇಕು. ನೌಕರಿ ಮಾಡೋ ವೈನಿ, ಅಕ್ಕ, ಕಾಕಿ ಹಬ್ಬಕ್ಕೆ ಸಿಕ್ಕ ಒಂದು ದಿನದ ರಜೆಯನ್ನು ಒಲೆ ಮುಂದೆಯೇ ಮುಗಿಸಿ ಮರುದಿನ ಬೆಳಗಿನ ಬಸ್ಸು ಹತ್ತುತ್ತಾರೆ. ಈ ಸಲ ಹಬ್ಬದ ಹಿಂದಿನ ಸಂಜೆ ಮೊಬೈಲ್ ಬದಿಗಿಟ್ಟು ಕಾಯಿಪಲ್ಯದ ಮುಂದೆ ಇಳಿಗೆ ಹಿಡ್ಕೊಂಡು ಕೂಡೋಣ. ಊಟ ಆದ ಮೇಲೆ ಬುಟ್ಟಿ, ಗಡಿಗೆ, ಪಾತ್ರೆ ಎಲ್ಲ ಗಂಡುಮಕ್ಕಳೇ ಹೊತ್ತು ತಂದು ತೊಳೆದಿಡೋಣ. ಹೆಂಗಸರು ಒಂದು ತಾಸು ಹೊಲದ ಬದುವಿನ ಮೇಲೆ ಸುಮ್ಮನೆ ಕೂತು ಹರಟೆ ಹೊಡೀಲಿ.

ಆವಾಗ ಯಾರಾದ್ರೂ ಕಾಕಾ ಬಂದು ನಗಾಡುತ್ತಾ “ಏನೋ ತಮ್ಮಾ, ಎಂಜಿನಿಯರಿಂಗೂ ಓದ್ತಿ, ಭಾಂಡೇನೂ ತಿಕ್ತಿ, ಎರಡೂ ಹೆಂಗ್ ಸಂಭಾಳಸ್ತೀ?” ಅಂತ ಕೇಳಿದರೆ ಬೇಜಾರು ಮಾಡ್ಕೋಬೇಡಿ. ಅವರ ಕೈಗೂ ಒಂದು ಪಾತ್ರೆ ಕೊಡಿ.